ಗೆರೆ ಹಿಡಿದು ಹೊರಟರೆ

ನನಗೆ ಚಿತ್ರ ಬರೆಯೋಕೆ ಬರಲ್ಲ. ನೋಡುವ ಚಟ ಮಾತ್ರ ಜೋರು. ಅದರಲ್ಲೂ ಬಣ್ಣಕ್ಕಿಂತ ಗೆರೆಯ ಹುಚ್ಚು ಜಾಸ್ತಿ. ಮೂಗು, ತುಟಿ, ಗದ್ದ ಮೂರೂ ಕೈ ಎತ್ತದೆ ಒಂದೇ ಗೆರೆಯಲ್ಲಿ ಬಂದಿದ್ದರೆ ಸಾಕು, ಅಲ್ಲೇ ನಿಂತುಬಿಡುತ್ತೇನೆ.

ನಮ್ಮ ಗಂಗಾವತಿ ಕಡೆ ಒಂದು ನಂಬಿಕೆ ಇದೆ. ಚಿತ್ರ ನೋಡಬೇಕಂದ್ರೆ ಬೆಂಗಳೂರಿಗೆ ಹೋಗಬೇಕು, ಜನವರಿಯಲ್ಲಿ ಚಿತ್ರಸಂತೆಗೆ ಹೋಗಬೇಕು ಅಂತ. ಹೋಗಲಿ ಬಿಡಿ, ಒಳ್ಳೆಯದೇ. ನನಗೆ ಬೇಜಾರು ಇನ್ನೊಂದು ವಿಷಯಕ್ಕೆ. ಪಕ್ಕದಲ್ಲೇ ಇರುವ ಕಲಾವಿದರು ನಮ್ಮ ಕಣ್ಣಿಗೆ ಬೀಳಬೇಕಾದರೆ ದಿಲ್ಲಿಯಿಂದ ಪ್ರಶಸ್ತಿ ಬರಬೇಕು. 2025ರಲ್ಲಿ ಕೊಪ್ಪಳ ತಾಲೂಕಿನ ಮೊರನಾಳದ ತೊಗಲು ಗೊಂಬೆ ಆಡಿಸುವ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತಲ್ವಾ, ಆವತ್ತು ಎಲ್ಲರ ಸ್ಟೇಟಸ್‌ನಲ್ಲೂ ಆ ಅಜ್ಜಿಯೇ. ಸಂತೋಷ. ಆದರೆ ಅಜ್ಜಿಯ ಫೋಟೋ ಹಾಕಿದವರಲ್ಲಿ ಎಷ್ಟು ಜನ ಅವರ ಗೊಂಬೆಗಳನ್ನು ಸರಿಯಾಗಿ ನೋಡಿದ್ದಾರೆ?

ತೊಗಲು ಗೊಂಬೆಯನ್ನು ಆಟದಲ್ಲಿ ನೋಡುವುದು ಒಂದು ಥರ. ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ ನೋಡುವುದೇ ಬೇರೆ. ಆಡಿನ ಚರ್ಮ ಹದ ಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿರುತ್ತಾರೆ. ಕೊರಳ ಸರ, ಕಿರೀಟ, ಸೀರೆಯ ಅಂಚು ಇವೆಲ್ಲ ಬಣ್ಣಕ್ಕಿಂತ ತೂತುಗಳಲ್ಲೇ ಇರುತ್ತವೆ. ಒಂದೊಂದೇ ತೂತು ಕೊರೆದದ್ದು, ಹಿಂದೆ ದೀಪ ಇಟ್ಟರೆ ಅವೇ ಮುತ್ತಾಗುತ್ತವೆ. ಮುಖ ಪಕ್ಕಕ್ಕೆ ತಿರುಗಿರುತ್ತದೆ, ಕಣ್ಣು ಮಾತ್ರ ಪೂರ್ತಿ ಅಗಲ. ರಾಜರು, ದೇವರು ದೊಡ್ಡ ಗೊಂಬೆಗಳು, ನಮ್ಮಂಥವರು ಸಣ್ಣವು. ಅಂತಸ್ತೆಲ್ಲ ಅಳತೆಯಲ್ಲೇ ಗೊತ್ತಾಗುತ್ತದೆ! ನನ್ನ ಓಟು ಮಾತ್ರ ಹಾಸ್ಯಗಾರ ಕಿಳ್ಳೇಕ್ಯಾತನಿಗೆ. ಗುಡಾಣದಂಥ ಹೊಟ್ಟೆ, ಮುಂದಕ್ಕೆ ಚಾಚಿದ ತುಟಿ. ರಾಮನನ್ನು ಕೊರೆಯುವಾಗ ಭಕ್ತಿಯಿಂದ ಬಿಗಿಯಾಗಿದ್ದ ಕೈ ಇವನ ಹತ್ತಿರ ಬಂದಾಗ ಸಡಿಲವಾಗಿ ಆಟ ಆಡಿದೆ ಅನಿಸುತ್ತದೆ.

ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ಮೇಳದಲ್ಲಿ ಗಾಂಧೀಜಿಯೂ ತೊಗಲು ಗೊಂಬೆಯಾಗಿ ಬಂದರು. ಸ್ವಲ್ಪ ಯೋಚಿಸಿ, ಕಿರೀಟ ಇಲ್ಲ, ಸರ ಇಲ್ಲ, ಜರಿ ಇಲ್ಲ. ಒಡವೆಯೇ ಇಲ್ಲದ ಮನುಷ್ಯನಿಗೆ ತೂತು ಕೊರೆಯುವುದು ಎಲ್ಲಿ? ಇಂಥ ಕಷ್ಟ ಗೊತ್ತಾದ ಮೇಲೆ ಗೊಂಬೆ ನೋಡುವ ರೀತಿಯೇ ಬದಲಾಗುತ್ತದೆ. ವೀರಣ್ಣನವರು 2023ರಲ್ಲಿ ಹೋಗಿಬಿಟ್ಟರು. ಆಡಿಸಿದವರ ಹೆಸರಾದರೂ ಹೀಗೆ ಉಳಿಯುತ್ತದೆ. ಎರಡು ಮೂರು ತಲೆಮಾರಿನ ಹಿಂದೆ ಆ ಚರ್ಮದ ಮೇಲೆ ಗೆರೆ ಎಳೆದವರು, ಕೊರೆದವರು ಯಾರು ಅಂತ ಕೇಳಿದರೆ 'ನಮ್ಮ ಹಿರೇರು' ಅನ್ನುವ ಉತ್ತರವೇ ಸಿಗುವುದು ಜಾಸ್ತಿ.

ಹೊಳೆ ದಾಟಿದರೆ ಹಂಪಿ. ವಿರೂಪಾಕ್ಷನ ಗುಡಿಗೆ ಬಂದವರು ಗೋಪುರದ ಮುಂದೆ ಸೆಲ್ಫಿ ತೆಗೆದುಕೊಂಡು, ಆನೆ ಲಕ್ಷ್ಮಿಯ ಆಶೀರ್ವಾದ ಪಡೆದು, ದರ್ಶನ ಮುಗಿಸಿ ಹೊರಗೆ ಬರುತ್ತಾರೆ. ರಂಗಮಂಟಪದಲ್ಲಿ ತಲೆ ಎತ್ತುವವರು ಕಡಿಮೆ. ನಾನು ಕತ್ತು ನೋಯುವವರೆಗೆ ನೋಡುತ್ತಿದ್ದಾಗ ಒಬ್ಬ ಅಜ್ಜಿ ಕೇಳಿದಳು, "ಏನ್ ನೋಡಾಕತ್ತೀಯಪ್ಪಾ ಮ್ಯಾಲ, ಹಲ್ಲಿ ಐತೇನು?"

"ಇಲ್ಲಬೇ ಯವ್ವಾ, ಅರ್ಜುನ ಅದಾನ."

ಅವಳೂ ನೋಡಿದಳು. "ಹೌದಲ್ಲೋ! ಮೀನಾ ಹೊಡ್ಯಾಕತ್ಯಾನ." ಆಮೇಲೆ ಅವಳೇ ತನ್ನ ಕಡೆಯವರನ್ನೆಲ್ಲ ಕರೆದು ತೋರಿಸಿದಳು. ಗಿರಿಜಾಕಲ್ಯಾಣ, ದಶಾವತಾರ, ಶಿವನ ಮೇಲೆ ಬಾಣ ಹೂಡಿದ ಮನ್ಮಥ, ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರ ಮೆರವಣಿಗೆ ಎಲ್ಲವೂ ಅಲ್ಲಿವೆ. ಮಂಟಪ ಕೃಷ್ಣದೇವರಾಯನ ಕಾಲದ್ದು, 1510ರದ್ದು. ಚಿತ್ರಗಳೂ ಅಷ್ಟೇ ಹಳೆಯವಾ, ಆಮೇಲೆ ಬರೆದವಾ ಅಂತ ತಿಳಿದವರಲ್ಲೇ ಜಗಳ ಇದೆ. ಅವರು ಜಗಳ ಮುಗಿಸಲಿ, ನಾವು ಸುಮ್ನೆ ನೋಡೋಣ. ಪಕ್ಕಕ್ಕೆ ತಿರುಗಿದ ಮುಖ, ಅಗಲ ಕಣ್ಣು, ಸುತ್ತ ಕಪ್ಪು ಗೆರೆ. ತೊಗಲು ಗೊಂಬೆ ನೋಡಿ ಬಂದವರಿಗೆ ಇವರೆಲ್ಲ ಗುರುತಿನವರೇ. ಕೊಪ್ಪಳ ಹತ್ತಿರದ ಕಿನ್ನಾಳದ ಚಿತ್ರಗಾರರ ಹಿಂದಿನವರೇ ಇದನ್ನು ಬರೆದರು ಅನ್ನುವ ಮಾತೂ ಇದೆ. ಕಿನ್ನಾಳದ ಮರದ ಗೊಂಬೆಗಳ ಬಗ್ಗೆ ತುಂಬಾ ಜನ ಬರೆದಿದ್ದಾರೆ, ಅದು ಬಣ್ಣ ಇಷ್ಟಪಡುವವರ ಊರು. ನಾನು ಕೈ ಮುಗಿದು ಮುಂದೆ ಹೋಗುತ್ತೇನೆ.

ಮುಂದೆ ಅಂದರೆ ಸಂಡೂರು. ಅಲ್ಲಿನ ಕಲಾವಿದ ವಿ.ಟಿ. ಕಾಳೆಯವರ ಲಂಬಾಣಿ ಹೆಣ್ಣುಮಕ್ಕಳ ಚಿತ್ರಗಳು. ಆ ಉಡುಪಿನಲ್ಲಿ ಕನ್ನಡಿ, ನಾಣ್ಯ, ಬಳೆ ಎಷ್ಟಿವೆ ಅಂದರೆ ಅದನ್ನೇ ಬರೆದುಕೊಂಡು ಕೂತರೆ ಮನುಷ್ಯರೇ ಕಳೆದುಹೋಗುತ್ತಾರೆ, ಕ್ಯಾಲೆಂಡರ್‌ನವರು ಮಾಡುವುದು ಅದನ್ನೇ. ಕಾಳೆಯವರ ಚಿತ್ರ ನೋಡಿದ ಮೇಲೆ, ತಾಂಡಾದ ಹೆಂಗಸರು ಬಸ್ಸಿಗೆ ಕಾಯುತ್ತಾ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವ ರೀತಿಯೇ ನನ್ನ ಕಣ್ಣಿಗೆ ಬೀಳತೊಡಗಿತು. ಅದಕ್ಕಿಂತ ಮೊದಲೂ ಅವರು ಹಾಗೇ ನಿಲ್ಲುತ್ತಿದ್ದರಲ್ಲ! ಒಬ್ಬ ಕಲಾವಿದರನ್ನು ಮೆಚ್ಚೋಕೆ ಇದಕ್ಕಿಂತ ಕಾರಣ ಬೇಕಾ?

ಇನ್ನು ಬಳ್ಳಾರಿ ಹತ್ತಿರದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳು. ಅಲ್ಲಿನ ಕರಿಬಂಡೆಗಳ ಮೇಲೆ ನವಶಿಲಾಯುಗದ ಕಾಲದಿಂದ ಜನ ಎತ್ತುಗಳನ್ನು ಕುಟ್ಟಿ ಮೂಡಿಸಿದ್ದಾರೆ. ಕುಂಚ ಇಲ್ಲ, ಬಣ್ಣ ಇಲ್ಲ, ಕಲ್ಲಿಗೆ ಕಲ್ಲು ಅಷ್ಟೇ. ಉದ್ದ ಕೊಂಬು, ಎತ್ತರದ ಹಿಣಿಲು, ನಮ್ಮ ರೈತರು ನೋಡಿದ ಕೂಡಲೇ ಗುರುತು ಹಿಡಿಯುವಂಥ ಎತ್ತು. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆ ಬಾರಿಸಿದ ಹಾಗೆ ಸದ್ದು ಬರುತ್ತದೆ. ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಈ ಚಿತ್ರಗಳ ಬಗ್ಗೆ 1892ರಲ್ಲೇ ಬರೆದಿದ್ದ. ಜಲ್ಲಿಗಾಗಿ ಗುಡ್ಡ ಒಡೆಯುವವರಿಗೆ ಮಾತ್ರ ಎತ್ತೂ ಒಂದೇ, ಕಲ್ಲೂ ಒಂದೇ. ಎಷ್ಟು ಚಿತ್ರ ರಸ್ತೆಗೆ ಬಿದ್ದಿವೆಯೋ.

ಹೋಗುವವರು ಮಧ್ಯಾಹ್ನ ಹೋಗಬೇಡಿ. ನಮ್ಮ ಬಳ್ಳಾರಿ ಬಿಸಿಲು ಗೊತ್ತಲ್ಲ, ಜೊತೆಗೆ ನೆತ್ತಿ ಮೇಲೆ ಸೂರ್ಯ ಇದ್ದಾಗ ಗೆರೆ ಸರಿಯಾಗಿ ಕಾಣುವುದೂ ಇಲ್ಲ. ಬೆಳಿಗ್ಗೆ ಇಲ್ಲವೇ ಸಂಜೆ ಓರೆ ಬಿಸಿಲಲ್ಲಿ ನೋಡಿ. ಊರಲ್ಲಿ ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ. ಚಿತ್ರದ ಮೇಲೆ ಸೀಮೆಸುಣ್ಣ ಎಳೆದು ಫೋಟೋ ತೆಗೆಯುವ ಬುದ್ಧಿ ಮಾತ್ರ ಬೇಡ.