ಮೊದಲ ಸ್ಥಾನದ ಗ್ಯಾರಂಟಿ ಮಾರುವವರಿಗೆ

'ಗೂಗಲ್‌ನಲ್ಲಿ ಮೊದಲ ಸ್ಥಾನ, ಗ್ಯಾರಂಟಿ.' ವೆಬ್‌ಸೈಟ್ ಮಾಡಿಕೊಡುವ ಒಂದು ಸಂಸ್ಥೆಯವರು ಹೀಗೆಂದು ಲೆಟರ್‌ಹೆಡ್ ಮೇಲೆ ಅಚ್ಚು ಹಾಕಿಸಿ, ಕೆಳಗೆ ಸಹಿ ಮಾಡಿ, ವರ್ಷದ ಹಣವನ್ನು ಮುಂಗಡವಾಗಿ ಎಣಿಸಿಕೊಂಡು ಹೋಗಿದ್ದಾರೆ. ಇವತ್ತು ಇಳಕಲ್‌ನ ಒಂದು ಸೀರೆ ಅಂಗಡಿಯಲ್ಲಿ ಆ ಕಾಗದವನ್ನು ಕಣ್ಣಾರೆ ನೋಡಿದೆ. ಬಾಗಲಕೋಟೆಗೆ ಬಂದು ಮುಟ್ಟಿದರೂ ಸಿಟ್ಟು ಇಳಿದಿಲ್ಲ. ನಾನು ವೆಬ್‌ಸೈಟ್ ಕಟ್ಟಿಕೊಟ್ಟು ಹೊಟ್ಟೆ ಹೊರೆಯುವವನು, ನಿಮಗೆ ಗೊತ್ತೇ ಇದೆ. ನಮ್ಮ ವೃತ್ತಿಯ ಹೆಸರಿನಲ್ಲಿ ನಡೆಯುವ ಈ ಮೋಸವನ್ನು ನಾವೇ ಹೇಳದಿದ್ದರೆ ಇನ್ನು ಯಾರು ಹೇಳಬೇಕು?

ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು. ಇದು ನಾನು ಹುಟ್ಟಿಸಿದ ಮಾತಲ್ಲ, ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ಗೂಗಲ್ ಜೊತೆ ನಮಗೆ ವಿಶೇಷ ಸಂಬಂಧವಿದೆ ಎನ್ನುವವರ ಬಗ್ಗೆ ಎಚ್ಚರವಿರಲಿ ಎಂದೂ ಅಲ್ಲೇ ಇದೆ. ಮಾಡಿದ ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದೂ ಹೇಳಿದೆ. ಇವರು ಒಂದೇ ತಿಂಗಳೆಂದು ಬರೆದುಕೊಟ್ಟಿದ್ದಾರೆ!

ಅಂಗಡಿಯ ಯಜಮಾನರು ನನ್ನನ್ನು ಚಿಕ್ಕಂದಿನಿಂದ ಬಲ್ಲವರು. "ತಮ್ಮಾ, ನನ್ನ ಮೊಬೈಲ್‌ನಲ್ಲೇ ತೋರಿಸಿದರು. ನಮ್ಮ ಅಂಗಡಿಯೇ ಮೊದಲು ಬಂತು," ಎಂದರು. "ಏನೆಂದು ಬರೆದು ಹುಡುಕಿದರು, ಕಾಕಾ?" ಎಂದು ಕೇಳಿದೆ. ಅಂಗಡಿಯ ಹೆಸರನ್ನೇ ಬರೆದು ಹುಡುಕಿದ್ದರು. ಆ ಹೆಸರಿನ ಅಂಗಡಿ ಇನ್ನೊಂದಿಲ್ಲದಿರುವಾಗ ಅದು ಮೊದಲು ಬರದೆ ಇನ್ನೇನು ಬಂದೀತು? ಹೆಸರು ಗೊತ್ತಿದ್ದವರು ಹೇಗೂ ಬರುತ್ತಾರೆ. ಪುಣೆಯಲ್ಲೋ ಸೊಲ್ಲಾಪುರದಲ್ಲೋ ಕುಳಿತು, ಅಂಗಡಿಯ ಹೆಸರೇ ಗೊತ್ತಿಲ್ಲದೆ ಇಳಕಲ್ ಸೀರೆ ಹುಡುಕುವ ಹೆಣ್ಣುಮಗಳಿಗೆ ಕಾಣಿಸಬೇಕಲ್ಲ? ಅಂಗಡಿಯಲ್ಲೇ ಕುಳಿತು ಹಾಗೆ ಹುಡುಕಿದೆವು. ಪುಟದ ಮೇಲೆ ಪುಟ ತಿರುವಿದರೂ ಕಾಕಾನ ಅಂಗಡಿ ಸಿಗಲಿಲ್ಲ.

ಇನ್ನು ಆ ವೆಬ್‌ಸೈಟ್ ತೆರೆದಾಗ ಕಂಡದ್ದನ್ನು ಹೇಗೆ ಹೇಳಲಿ? ನಮ್ಮ ಅವ್ವ ಕೊಂಡಿ ಹಾಕುವುದನ್ನು ನೋಡುತ್ತ ಬೆಳೆದವನು ನಾನು. ಒಡಲಿನ ಹಾಸನ್ನೂ (ಮಗ್ಗದ ಉದ್ದನೆಯ ಎಳೆಗಳು) ಸೆರಗಿನ ಹಾಸನ್ನೂ ಒಂದೊಂದೇ ಎಳೆಯಾಗಿ ಕೂಡಿಸುವ ಆ ಕೆಲಸ ಇಳಕಲ್ ಸೀರೆಯ ಜೀವ. ಪುಟದಲ್ಲಿ ಅದರ ಒಂದು ಸಾಲೂ ಇಲ್ಲ. ಟೋಪ ತೆನಿ ಎಂಬ ನಮ್ಮ ವಿನ್ಯಾಸದ ಸೆರಗಿನ ಚಿತ್ರವಿಲ್ಲ, ಗೋಮಿ ಎಂಬ ದಡಿಯ (ಅಂಚಿನ) ಮಾತಿಲ್ಲ, ಹತ್ತಿ ಯಾವುದು, ಅಪ್ಪಟ ರೇಷ್ಮೆ ಯಾವುದು ಎಂಬ ವಿವರವಿಲ್ಲ. ಎಲ್ಲಿಂದಲೋ ಎತ್ತಿದ, ಯಾವುದೋ ಊರಿನ ಮಿರುಗುವ ಸೀರೆಯ ಫೋಟೊ. ಕೆಳಗೆ 'ಬೆಸ್ಟ್ ಇಳಕಲ್ ಸೀರೆ' ಎಂಬುದನ್ನೇ ಸಾಲು ಸಾಲಾಗಿ ತುರುಕಿದ್ದಾರೆ. ಕಣ್ಣು ತುಂಬಿ ಬಂತು, ಮುಚ್ಚಿಡುವುದೇನಿದೆ. ಜಿಐ ಮಾನ್ಯತೆ, ಅಂದರೆ ಊರಿನ ಹೆಸರಿನ ಕಾನೂನು ಗುರುತು, ಪಡೆದ ಸೀರೆಗೆ ಅದರ ಊರಿನ ಅಂಗಡಿಯ ಪುಟದಲ್ಲೇ ಜಾಗವಿಲ್ಲ!

ಪುಟದ ಒಳಗೆ ಅಡಗಿಸಿಡುವ ಕೀವರ್ಡ್ (ಹುಡುಕು ಪದಗಳ) ಪಟ್ಟಿಗೂ ಬಿಲ್ ಹಾಕಿದ್ದಾರೆ. ಆ ಪಟ್ಟಿಯನ್ನು ಸ್ಥಾನ ನಿರ್ಧರಿಸಲು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ತಿಳಿಸಿದೆ. ಬೇರೆ ಸೈಟ್‌ಗಳಿಂದ ನೂರಾರು ಲಿಂಕ್‌ಗಳನ್ನು ಕೊಂಡು ತರುತ್ತೇವೆ ಎಂಬ ಭರವಸೆ ಬೇರೆ. ಇಂಥ ಲಿಂಕ್‌ಗಳಂಥ ಮೋಸಗಳನ್ನು ಹಿಡಿಯಲು 2012ರಲ್ಲಿ ಗೂಗಲ್ ಹುಡುಕಾಟದಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ಬಂತು, ಎಷ್ಟೋ ಸೈಟ್‌ಗಳು ಕೆಳಗೆ ಕುಸಿದವು. ನಾಳೆ ಕಾಕಾನ ಸೈಟ್‌ಗೆ ಪೆಟ್ಟು ಬಿದ್ದರೆ ಗ್ಯಾರಂಟಿ ಕೊಟ್ಟವರು ಫೋನ್ ಎತ್ತುತ್ತಾರೆಯೇ?

ನೇಕಾರರಿಗೂ ವ್ಯಾಪಾರಿಗಳಿಗೂ ಇದನ್ನೆಲ್ಲ ಕಲಿಯಲು ಪುರಸೊತ್ತೆಲ್ಲಿದೆ, ಯಾರಿಗಾದರೂ ಹಣ ಕೊಟ್ಟು ಮಾಡಿಸಲೇಬೇಕಲ್ಲ ಎನ್ನುತ್ತೀರಿ. ಮಾಡಿಸಲಿ, ಖಂಡಿತ ಮಾಡಿಸಲಿ. ಫೋಟೊ ತೆಗೆದದ್ದಕ್ಕೆ, ಬರೆದದ್ದಕ್ಕೆ, ಮೊಬೈಲ್‌ನಲ್ಲಿ ಪುಟ ಬೇಗ ತೆರೆಯುವಂತೆ ಮಾಡಿದ್ದಕ್ಕೆ ಕೂಲಿ ಕೇಳುವುದು ನ್ಯಾಯ. ಜಾಹೀರಾತು ಕೊಡುವುದಿದ್ದರೆ ಅದನ್ನೂ ಜಾಹೀರಾತೆಂದೇ ಹೇಳಿ ಮಾರಲಿ. ದುಡ್ಡು ನಿಂತ ದಿನ ಅದೂ ನಿಲ್ಲುತ್ತದೆ, ಅದರಿಂದ ಜಾಹೀರಾತಲ್ಲದ ಸಹಜ ಫಲಿತಾಂಶದಲ್ಲಿ ಸ್ಥಾನ ಮೇಲೇರುವುದಿಲ್ಲ ಎಂಬುದನ್ನೂ ಬಿಡಿಸಿ ಹೇಳಲಿ. ಮೊದಲ ಸ್ಥಾನ ಮಾತ್ರ ಅವರ ಕೈಯಲ್ಲಿರುವ ಸರಕಲ್ಲ. ತಮ್ಮದಲ್ಲದ ಹೊಲವನ್ನು ಕ್ರಯಪತ್ರ ಬರೆದು ಮಾರಿದ ಹಾಗೆ ಇದು.

ಎಲ್ಲಕ್ಕಿಂತ ಕೆಟ್ಟದ್ದನ್ನು ಇನ್ನೂ ಹೇಳಿಲ್ಲ. ವೆಬ್‌ಸೈಟ್‌ನ ಡೊಮೇನ್ ಹೆಸರು, ಅಂದರೆ ಅದರ ವಿಳಾಸ, ಕಾಕಾನ ಹೆಸರಿನಲ್ಲಿಲ್ಲ, ಆ ಸಂಸ್ಥೆಯ ಹೆಸರಿನಲ್ಲಿದೆ. ನಕ್ಷೆಯಲ್ಲಿ ಅಂಗಡಿ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ ಒಂದು ಪೈಸೆ ಖರ್ಚಿಲ್ಲ. ಅದನ್ನೂ ತಮ್ಮ ಇಮೇಲ್‌ನಲ್ಲೇ ತೆರೆದಿದ್ದಾರೆ. ಗಿರಾಕಿಗಳು ಬರೆದ ಒಳ್ಳೆಯ ಮಾತುಗಳೆಲ್ಲ ಅಲ್ಲೇ ಇವೆ. ಹಣ ಕೊಡುವುದು ನಿಲ್ಲಿಸಿದರೆ ಅಂಗಡಿಯ ಹೆಸರೇ ಇನ್ನೊಬ್ಬರ ಕೈಯಲ್ಲಿ ಉಳಿಯುತ್ತದೆ.

ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ಗೆಳೆಯರೇ, ಅಮೀನಗಡದ ಕರದಂಟಿನ ಅಂಗಡಿಯವರೇ, ಇವತ್ತೇ ನೋಡಿಕೊಳ್ಳಿ: ಡೊಮೇನ್ ನಿಮ್ಮ ಹೆಸರಿನಲ್ಲಿದೆಯೇ, ಪ್ರೊಫೈಲ್‌ನ ಮುಖ್ಯ ಮಾಲೀಕರು ನೀವೇ ಹೌದೇ, ಗೂಗಲ್‌ನ ಸರ್ಚ್ ಕನ್ಸೋಲ್ ನಿಮ್ಮ ಇಮೇಲ್‌ನಿಂದ ತೆರೆಯುತ್ತದೆಯೇ. ಯಾವ ಪದ ಹುಡುಕಿದವರು ನಿಮ್ಮ ಪುಟಕ್ಕೆ ಬಂದರೆಂಬುದನ್ನು ಸರ್ಚ್ ಕನ್ಸೋಲ್ ಪುಕ್ಕಟೆಯಾಗಿ ತೋರಿಸುತ್ತದೆ. ಆಮೇಲೆ ಯಾರ ಮೊಬೈಲ್‌ನ ಪ್ರದರ್ಶನವೂ ಬೇಕಾಗುವುದಿಲ್ಲ. ಹೆಸರು ವರ್ಗಾಯಿಸಿಕೊಡಲು ಯಾರಾದರೂ ಸತಾಯಿಸಿದರೆ ನನಗೆ ಫೋನ್ ಮಾಡಿ. ಬಂದು ನಿಮ್ಮ ಪಕ್ಕದಲ್ಲೇ ಕೂರುತ್ತೇನೆ, ದುಡ್ಡು ಬೇಡ.