ಅವಸರದ ಕಲ್ಲು

ಅಲ್ಲಾಡದೆ ಕೂತವನನ್ನು ನೋಡಿ ‘ಕಲ್ಲಿನ ಹಾಗೆ ಕೂತಿದ್ದಾನೆ’ ಅನ್ನುತ್ತೇವೆ. ಆದರೆ ಕೆಲವು ಕಲ್ಲುಗಳ ಹುಟ್ಟು ಕೇಳಿದರೆ ನಗು ಬರುತ್ತದೆ. ಅಷ್ಟು ಗಡಿಬಿಡಿ!

ಇಟಲಿಯ ಫ್ಲಾರೆನ್ಸ್ ಊರಿನ ಬೂದು ಮರಳುಗಲ್ಲನ್ನೇ ತಗೊಳ್ಳಿ. ಪಿಯೆತ್ರಾ ಸೆರೇನಾ ಅಂತಾರೆ. ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ ಕಟ್ಟಿದ ಚರ್ಚುಗಳಲ್ಲಿ ಕಂಬ, ಕಮಾನು ಎಲ್ಲ ಇದರದ್ದೇ. ಅಲ್ಲಿನ ಲಾರೆನ್ಷಿಯನ್ ಗ್ರಂಥಾಲಯದ ಮೆಟ್ಟಿಲೂ ಇದೇ ಕಲ್ಲು. (ಅದರ ವಿನ್ಯಾಸ ಮಾಡಿದ ಮೈಕೆಲ್ಯಾಂಜಲೊಗೆ ಮರದ ಮೆಟ್ಟಿಲು ಬೇಕಿತ್ತಂತೆ, ಯಾರು ಕೇಳ್ತಾರೆ!) ಸುಮಾರು 2.5 ಕೋಟಿ ವರ್ಷದ ಹಿಂದೆ ಇದು ಆಳ ಸಮುದ್ರದ ತಳದಲ್ಲಿ ಹರಡಿದ ಮರಳು. ಎದ್ದು ಬರುತ್ತಿದ್ದ ಆಲ್ಪ್ಸ್ ಬೆಟ್ಟಗಳನ್ನು ನದಿಗಳು ಸವೆಸಿ ತಂದ ಮರಳು, ಮಣ್ಣು ಕಡಲ ಇಳಿಜಾರಿನ ಅಂಚಿನಲ್ಲಿ ರಾಶಿ ಬೀಳುತ್ತಿತ್ತು. ಭೂಕಂಪವೋ ದೊಡ್ಡ ಪ್ರವಾಹವೋ ಬಂತು ಅನ್ನಿ, ರಾಶಿ ಜಾರಿತು. ಜಾರುತ್ತಾ ನೀರಿನ ಜೊತೆ ಕಲಸಿಕೊಂಡು, ಸುತ್ತಲಿನ ನೀರಿಗಿಂತ ಭಾರವಾದ ಕೆಸರಿನ ಹೊಳೆಯೇ ಆಗಿ ತಳ ಹಿಡಿದು ದೂರ ದೂರ ಓಡಿತು. ಓಟ ನಿಧಾನವಾದಂತೆ ದಪ್ಪ ಮರಳು ಮೊದಲು ಕೂತಿತು, ನುಣ್ಣಗಿನದು ಅದರ ಮೇಲೆ. ಆಳೆತ್ತರದ ಪದರವೂ ಕೆಲವೇ ಗಂಟೆಗಳಲ್ಲಿ ಬಿದ್ದಿರಬಹುದು. ಆಮೇಲೆ ಅದರ ಮೇಲೆ ಸಮುದ್ರದ ಸಣ್ಣ ಜೇಡಿ ಒಂದು ಬೆರಳಿನಷ್ಟು ಕೂರಲು ಸಾವಿರಾರು ವರ್ಷ. ತಾಳ್ಮೆ ಇರುವುದು ಜೇಡಿಗೆ, ಹೊಗಳಿಸಿಕೊಳ್ಳುವುದು ಮರಳುಗಲ್ಲು. ಹೀಗೇ ಮತ್ತೆ ಜಾರು, ಮತ್ತೆ ಮೌನ, ಸಾವಿರಾರು ಸಲ. ಒಟ್ಟು ದಪ್ಪ ಕಿಲೋಮೀಟರ್‌ಗಳಲ್ಲಿ!

ಮೊದಲಿನ ಭೂವಿಜ್ಞಾನಿಗಳಿಗೆ ಇದು ತಲೆನೋವು. ಮರಳು ಅಂದರೆ ದಡ, ಆಳದ ನೀರು ನಿಶ್ಚಲ ಅಂತ ಅವರ ಲೆಕ್ಕ. ಮರಳಿನ ಪದರ ದಡ ಅನ್ನುತ್ತದೆ, ನಡುವಿನ ಜೇಡಿ ಆಳ ಅನ್ನುತ್ತದೆ, ಹಾಗಾದರೆ ಕಡಲ ತಳ ಮೇಲೆ ಕೆಳಗೆ ಕುಣಿಯುತ್ತಿತ್ತಾ? ತೊಟ್ಟಿಯಲ್ಲಿ ಕೆಸರು ಹರಿಸಿ ನೋಡಿದ ಡಚ್ ಭೂವಿಜ್ಞಾನಿ ಕ್ಯೂನೆನ್, ಇಟಲಿಯ ಬೆಟ್ಟ ಬಲ್ಲ ಮಿಲಿಯೊರಿನಿ ಸೇರಿ 1950ರಲ್ಲಿ ಬರೆದ ಲೇಖನ ಈ ಗಂಟು ಬಿಡಿಸಿತು: ಮರಳನ್ನು ಆಳಕ್ಕೆ ಒಯ್ದದ್ದು ಕೆಸರಿನ ಹೊಳೆಯೇ.

ಸಾಕ್ಷಿಯಂತೂ ಮೊದಲೇ ಸಿಕ್ಕಿತ್ತು, ಯಾರೂ ಓದಿರಲಿಲ್ಲ ಅಷ್ಟೇ. 1929ರ ನವೆಂಬರ್ 18ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಹತ್ತಿರ ಕಡಲಡಿ ಭೂಕಂಪವಾಯಿತು. ಅಟ್ಲಾಂಟಿಕ್ ತಳದ ಟೆಲಿಗ್ರಾಫ್ ಕೇಬಲ್‌ಗಳು ತುಂಡಾದವು. ಹತ್ತಿರದವು ಕೂಡಲೇ ಹೋದವು, ದೂರದವು ಮಾತ್ರ ಒಂದಾದ ಮೇಲೊಂದು, ಸರದಿಯಲ್ಲಿ ನಿಂತಂತೆ, 13 ಗಂಟೆಗೂ ಮೀರಿ ಕಡಿಯುತ್ತಾ ಹೋದವು. ಯಾವ ಕೇಬಲ್ ಎಷ್ಟು ಹೊತ್ತಿಗೆ ಸತ್ತಿತು ಅನ್ನುವುದು ದಾಖಲಾಗಿತ್ತು. 1952ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಹೀಜೆನ್ ಮತ್ತು ಯೂಯಿಂಗ್ ಅದನ್ನೇ ಹಿಡಿದು ಕೆಸರಿನ ವೇಗ ಲೆಕ್ಕ ಹಾಕಿದರು. ಇಳಿಜಾರಿನಲ್ಲಿ ಅದು ನಮ್ಮ ಹೆದ್ದಾರಿ ಬಸ್ಸಿನ ಜೊತೆ ಓಡಬಲ್ಲದು!

ನಮ್ಮ ಕಡೆಯೂ ಇದೆ. ಹಿಮಾಲಯದ ಮಣ್ಣು ಹೀಗೇ ಜಾರಿ ಜಾರಿ ಬಂಗಾಳ ಕೊಲ್ಲಿಯಡಿ ಸುಮಾರು 3000 ಕಿಲೋಮೀಟರ್ ಉದ್ದಕ್ಕೆ ಹರಡಿದೆ. ಹಳೇ ಮಾದರಿ ನೋಡಬೇಕಾದರೆ ಅಂಡಮಾನಿಗೆ ಹೋದಾಗ, ಈಗ ಶ್ರೀ ವಿಜಯಪುರಂ ಅಂತ ಹೆಸರಾದ ಪೋರ್ಟ್ ಬ್ಲೇರ್‌ನ ಕಾರ್ಬಿನ್ಸ್ ಕೋವ್ ದಡದ ಬಂಡೆಗಳ ಹತ್ತಿರ ಸ್ವಲ್ಪ ನಿಲ್ಲಿ. ಮರಳು, ಜೇಡಿ, ಮರಳು, ಜೇಡಿ. ಪದರ ಮಡಚಿ ತಲೆಕೆಳಗಾಗಿದೆಯೋ ಅಂತ ಅನುಮಾನ ಬಂದರೆ ಕೈಯಾಡಿಸಿ ನೋಡಿ, ದಪ್ಪ ಮರಳು ಇರುವ ಕಡೆಯೇ ಅದರ ಹಳೆಯ ತಳ.