ಚೂಡಾ ಫುಲ್ ವಾಲ್ಯೂಮ್

ರಾತ್ರಿ ಊಟ ಆದಮೇಲೆ ಸ್ವಲ್ಪ ಹೊತ್ತು ಲಾರಿ ಓಡಿಸುವುದು ನನ್ನ ಚಟ. ಕಂಪ್ಯೂಟರ್‌ನಲ್ಲಿ ರೀ. ಯುರೋ ಟ್ರಕ್ ಸಿಮ್ಯುಲೇಟರ್ 2 ಅಂತ, 2012ರಲ್ಲಿ ಬಂದ ಆಟ. ಬರ್ಲಿನ್‌ನಲ್ಲಿ ಮಾಲು ಹೇರಿಕೊಂಡು ಪ್ರಾಗ್‌ನಲ್ಲಿ ಇಳಿಸಬೇಕು. ಅದೇ ಹೊತ್ತಿಗೆ ಬ್ರೌಸರ್‌ನಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ ನಡೀತಿರಬೇಕು. ಆಟದೊಳಗೇ ರೇಡಿಯೊ ಇದೆಯಲ್ಲ ಅನ್ನಬೇಡಿ. ಇದೆ, ಅದರ ತುಂಬ ಯುರೋಪಿನ ಸ್ಟೇಷನ್‌ಗಳು. ಜರ್ಮನಿಯ ಹೈವೇಯಲ್ಲಿ ಏಕತಾರಿ ಕೇಳುತ್ತಾ ಗೇರ್ ಬದಲಿಸುವ ಸುಖ ಆ ಸ್ಟೇಷನ್‌ಗಳವರಿಗೇನು ಗೊತ್ತು?

ಎಂಜಿನ್ ಸ್ವಲ್ಪ, ಹಾಡು ಜಾಸ್ತಿ. ನಾನು ಕೇಳೋದು ಇಷ್ಟೇ. ಇದೇನು ದೊಡ್ಡ ಬೇಡಿಕೆ ಅಲ್ಲ, ಅಲ್ವಾ? 2007ರಲ್ಲಿ ವಿಂಡೋಸ್ ವಿಸ್ತಾ ಬಂದಾಗಿನಿಂದ ಒಂದೊಂದು ಪ್ರೋಗ್ರಾಮಿಗೂ ಬೇರೆ ಬೇರೆ ವಾಲ್ಯೂಮ್ ಇಡಬಹುದು. ಮೂಲೆಯ ಸ್ಪೀಕರ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ವಾಲ್ಯೂಮ್ ಮಿಕ್ಸರ್ ಸಿಗುತ್ತದೆ. ಆಟವನ್ನು ಕೆಳಗಿಳಿಸು, ಹಾಡನ್ನು ಮೇಲೇರಿಸು, ಮುಗೀತು. ಆದರೆ ಆ ಮಿಕ್ಸರ್‌ನಲ್ಲಿ ಕೂಲರ್‌ಗೊಂದು ಗೆರೆ ಇಲ್ಲ. ಮೇ ತಿಂಗಳ ಕಲಬುರಗಿ. ರಾತ್ರಿಯೂ ಗೋಡೆ ಮುಟ್ಟಿದರೆ ಬಿಸಿ. ಕೂಲರ್ ಆಫ್ ಮಾಡಿದರೆ ಪ್ರಾಗ್ ಮುಟ್ಟುವ ಮೊದಲೇ ಡ್ರೈವರ್ ಬೇಯುತ್ತಾನೆ. ಹಾಗಾಗಿ ಹೆಡ್‌ಫೋನ್ ಹಾಕಿ ಕೂರುತ್ತೇನೆ.

ಒಬ್ಬನೇ ಇದ್ದರೆ ಎಲ್ಲ ಸರಿ. ಗೋಳು ಶುರುವಾಗುವುದು ಸೇಡಂನಿಂದ ಅಕ್ಕನ ಮಗ ಜೊತೆಗೂಡಿದಾಗ. 2021ರಲ್ಲಿ ಈ ಆಟಕ್ಕೆ ಕಾನ್ವಾಯ್ ಅಂತ ಬಂತು, ನಾಲ್ಕಾರು ಜನ ಸೇರಿ ಸಾಲಾಗಿ ಲಾರಿ ಓಡಿಸಬಹುದು. ಸಾಲಿನಲ್ಲಿ ಇರುವುದು ನಾವಿಬ್ಬರೇ. ಮಾತಿಗೆ ಬೇರೊಂದು ಆ್ಯಪ್.

ನಿನ್ನೆ ರಾತ್ರಿ ಹಾಡು ಒಳ್ಳೆ ಏರಿನಲ್ಲಿತ್ತು. ಅಳಿಯ ಕರೆಗೆ ಬಂದ. ಹಾಡು ಗಪ್ ಅಂತ ಇಳಿಯಿತು. ಎಂಜಿನ್ನೂ ಇಳಿಯಿತು. ಅಪ್ಪ ಮನೆಯೊಳಗೆ ಕಾಲಿಟ್ಟ ಕೂಡಲೇ ರೇಡಿಯೊ ಸಣ್ಣ ಮಾಡುತ್ತಿದ್ದೆವಲ್ಲ, ಥೇಟ್ ಹಾಗೆ. ಕರೆ ಬಂದರೆ ಉಳಿದ ಸದ್ದನ್ನೆಲ್ಲ ಶೇಕಡಾ 80ರಷ್ಟು ತಗ್ಗಿಸುವ ಏರ್ಪಾಡು ವಿಂಡೋಸ್‌ನಲ್ಲಿ ಮೊದಲೇ ಇರುತ್ತದೆ. ಮಾತು ಮುಖ್ಯ, ಹಾಡು ಆಮೇಲೆ ಅಂತ ಅದರ ಲೆಕ್ಕ. ಲೆಕ್ಕವೇನೋ ಸರಿ. ನಮ್ಮ ಅಳಿಯ ಮಾತಾಡಬೇಕಲ್ಲ!

"ಮಾಮಾ, ಕೇಳಸಕತ್ತದೇನ್ರಿ?" ಅಂದ. ಹೂಂ ಅಂದೆ. ಅಷ್ಟೇ ಮಾತು. ಆಮೇಲೆ ಚೂಡಾ. ಮೈಕನ್ನು ಬಾಯಿಗೆ ಅಂಟಿಸಿಕೊಂಡು ತಿನ್ನುತ್ತಾನೆ. ಮೊದಲು ಪ್ಲಾಸ್ಟಿಕ್ ಚೀಲದ ಚರಚರ. ಆಮೇಲೆ ಚುರುಮುರಿಯ ಕುರುಕುರು. ನಡುವೆ ಶೇಂಗಾ ಸಿಕ್ಕರೆ ಕಟುಂ. ಪುಟಾಣಿಗೆ ಅದರದೇ ಒಂದು ಸದ್ದು. ಒಮ್ಮೆ ಹಸಿಮೆಣಸಿನಕಾಯಿ ಸಿಕ್ಕಿರಬೇಕು, ಉಸ್ ಹಾ ಉಸ್ ಹಾ ಅಂತ ಜರ್ಮನಿಯ ಗಡಿ ದಾಟುವವರೆಗೂ ನಡೆಯಿತು. ಮಡಿವಾಳಪ್ಪನವರು 20, ಚೂಡಾ 100. ನಲವತ್ತು ಟನ್ನಿನ ಲಾರಿ ಪಿಸುಗುಡುತ್ತಿದೆ, ಬೆರಳು ನೆಕ್ಕಿದ್ದೂ ನನಗೆ ಕೇಳುತ್ತಿದೆ. ಮತ್ತೆ ಐದು ನಿಮಿಷಕ್ಕೆ, "ಮಾಮಾ, ಕೇಳಸಕತ್ತದೇನ್ರಿ?" ಎಲ್ಲಾ ಕೇಳಸಕತ್ತದಪ್ಪಾ!

ಬ್ಲೂಟೂತ್ ಹೆಡ್‌ಸೆಟ್ ತಗೊಳ್ರಿ ಅಂತ ಅವನೇ ಹಿಂದೆ ಸಲಹೆ ಕೊಟ್ಟಿದ್ದ. ತಗೊಂಡೆ. ಮೈಕ್ ಶುರುವಾದ ತಕ್ಷಣ ಅದು ಫೋನ್ ಮಾತಿನ ಮಟ್ಟಕ್ಕೆ ಇಳಿಯಿತು. ಸ್ಟೀರಿಯೊ ಇಲ್ಲ, ಏಕತಾರಿಯ ತಂತಿ ಇಲ್ಲ, ತಾಳ ಮಾತ್ರ ಕಿರಗುಟ್ಟುತ್ತದೆ. ಎರಡು ಸಾವಿರ ರೂಪಾಯಿ ಈಗ ಕಪಾಟಿನಲ್ಲಿದೆ.

ನಮ್ಮ ಕಾಕಾ ಶಹಾಬಾದ್ ಕಲ್ಲು ಹೇರುವ ಲಾರಿ ಓಡಿಸುತ್ತಿದ್ದರು. ರಜೆಯಲ್ಲಿ ನನ್ನನ್ನು ಕ್ಯಾಬಿನ್‌ನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಟೇಪಿನಲ್ಲಿ ಇವೇ ಪದಗಳು. ಎಂಜಿನ್ ಅಬ್ಬರಕ್ಕೆ ಹಾಡು ಮುಳುಗಿದರೆ ಕಾಕಾ ತಾವೇ ಅದಕ್ಕಿಂತ ಜೋರಾಗಿ ಹಾಡುತ್ತಿದ್ದರು. ದಿಬ್ಬದಲ್ಲಿ ಗೇರ್ ಇಳಿಸುವಾಗ ಒಂದು ಸಾಲು ಬಿಟ್ಟುಹೋಗುತ್ತಿತ್ತು, ಮುಂದಿನ ಸಾಲಿಗೆ ಸರಿಯಾಗಿ ಸೇರಿಕೊಳ್ಳುತ್ತಿದ್ದರು. ಈ ಆಟವನ್ನು ನಾನು ಹಾಡಿಲ್ಲದೆ ಆಡಲಾರೆ. ಅಳಿಯನಿಗೆ ಇದನ್ನು ಹೇಳಿದ್ದೇನೆ. ಆಗಲೂ ಏನೋ ಅಗಿಯುತ್ತಿದ್ದ.

ಇರಲಿ. ಮಧ್ಯರಾತ್ರಿಗೆ ಆ ಏರ್ಪಾಡಿನ ಜಾಗ ಸಿಕ್ಕಿತು. ಕಂಟ್ರೋಲ್ ಪ್ಯಾನೆಲ್, ಸೌಂಡ್, ಅದರಲ್ಲಿ ನಾಲ್ಕನೇ ಟ್ಯಾಬ್ ಕಮ್ಯುನಿಕೇಷನ್ಸ್. ಕೊನೆಯ ಆಯ್ಕೆ, ಡೂ ನಥಿಂಗ್. ಸುಮ್ನಿರು ಅಂತ ಕಂಪ್ಯೂಟರ್‌ಗೆ ಹೇಳಲಿಕ್ಕೂ ನಾಲ್ಕು ಬಾಗಿಲು ದಾಟಬೇಕು. ಅಷ್ಟರಲ್ಲಿ ನನ್ನ ಲಾರಿ ಡಿವೈಡರ್‌ಗೆ ಒರಗಿಕೊಂಡಿತ್ತು. ಕಾನ್ವಾಯ್‌ನಲ್ಲಿ ಆಟ ಯಾರಿಗಾಗಿಯೂ ನಿಲ್ಲುವುದಿಲ್ಲ.

ಓಕೆ ಒತ್ತಿದೆ. ಹಾಡು ತುಂಬಿ ಬಂತು. ಎಂಜಿನ್ ಗುಡುಗಿತು. ಚೂಡಾ ಮಾತ್ರ ಒಂಚೂರೂ ಕಡಿಮೆಯಾಗಲಿಲ್ಲ. ಕುರುಕುರು ಒಂದು ಕ್ಷಣ ನಿಂತಿತು. ಬಾಯಿತುಂಬ ಇಟ್ಟುಕೊಂಡೇ ಅಳಿಯ ಅಂದ:

"ಮಾಮಾ, ನಿಮ್ ಕೂಲರ್ ಒಂದೀಟು ಬಂದ್ ಮಾಡ್ರೀ. ಭಾಳ ಗದ್ಲ ಆಗಕತ್ತದ."